ಕರುಗಳ ಶ್ವಾಸರೋಗ ಮತ್ತು ಔಷಧನಿರೋಧ: ಮೈಸೂರು ಸೀಮೆಯ ಪಶುಪಾಲನೆಯ ಚರಿತ್ರೆಯ ಬೆಳಕಿನಲ್ಲಿ

ಬೆಂಗಳೂರಿನ ದಕ್ಷಿಣ ಭಾಗದ ಕುಮಾರಸ್ವಾಮಿ ಬಡಾವಣೆ ಇಂದು ಮನೆ, ಕಾಲೇಜು, ಅಂಗಡಿಗಳಿಂದ ಇಡಿಕಿರಿದಿದೆ. ಆದರೆ ಅದರ ಅಂಚಿನ ಯಲಚೇನಹಳ್ಳಿ, ಕದಿರೇನಹಳ್ಳಿ ಎಂಬ ಹೆಸರುಗಳೇ ತಿಳಿಸುವಂತೆ ಈ ನೆಲವೆಲ್ಲ ಹಿಂದೆ ಹಳ್ಳಿಗಳಿಗೆ ಸೇರಿದ್ದುದು. ಇಂಥ ಹಳೆಯ ಕೇರಿಗಳಲ್ಲಿ ಹಸು ಕಟ್ಟಿ ಹಾಲು ಮಾರುವ ಕಸುಬು ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಗೋಡೆಗೆ ಗೋಡೆ ತಗುಲಿದ ಕೊಟ್ಟಿಗೆಯಲ್ಲಿ, ಮಳೆಗಾಲದಲ್ಲಿ, ಕೆಮ್ಮುತ್ತ ನಿಂತ ಕರು ಪಶುವೈದ್ಯನಿಗೆ ಮಾತ್ರ ಸಂಬಂಧಿಸಿದುದೆಂದು ಎಣಿಸುವುದು ವಾಡಿಕೆ. ಅದು ಚರಿತ್ರೆಯ ವಿದ್ಯಾರ್ಥಿಗೂ ಸಲ್ಲತಕ್ಕ ವಿಷಯವೆಂದು ನಾವು ಭಾವಿಸುತ್ತೇವೆ.

ಮೈಸೂರು ಸೀಮೆಯಲ್ಲಿ ಕರುವಿನ ಬೆಲೆಯನ್ನು ಬಹುಕಾಲ ನಿರ್ಣಯಿಸಿದ್ದು ಹಾಲಲ್ಲ, ಎತ್ತು. ಚಿಕ್ಕದೇವರಾಜ ಒಡೆಯರ (1672–1704) ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಎನಿಸಿಕೊಂಡಿತು. ಫಿರಂಗಿ ಎಳೆಯಲು, ದಂಡಿನ ಸಾಮಾನು ಸಾಗಿಸಲು ಬೇಕಾದ ಎತ್ತುಗಳು ಅಲ್ಲಿಂದ ಬರುತ್ತಿದ್ದವು. 1860ರಲ್ಲಿ ಸರ್ಕಾರ ಈ ಹಿಂಡನ್ನು ಮಾರಿಬಿಟ್ಟು, ತಪ್ಪನ್ನರಿತು 1866ರಲ್ಲಿ ಮತ್ತೆ ಕಟ್ಟಬೇಕಾಯಿತೆಂಬುದು ಪ್ರಸಿದ್ಧವಾದ ಸಂಗತಿ. ನಮಗೆ ಇಲ್ಲಿ ಮುಖ್ಯವಾದುದು ಬೇರೆ. ಕಾವಲಿನ ಬಯಲಿನಲ್ಲಿ ಕರು ತಾಯಿಯ ಹಿಂದೆಯೇ ತಿರುಗಿ, ಅಲ್ಪವಾದ ಆ ಹಾಲನ್ನು ತಾನೇ ಕುಡಿದು ಬೆಳೆಯುತ್ತಿತ್ತು. ಹೋರಿಗರುವಂತೂ ಸಂಸ್ಥಾನದ ಸೊತ್ತು. ಆ ಕಾಲದಲ್ಲಿ ರೋಗವಿರಲಿಲ್ಲವೆಂದು ಹೇಳುವುದು ಶುದ್ಧ ಭ್ರಮೆ. ದೊಡ್ಡರೋಗ ಬಂದರೆ ಹಿಂಡಿಗೆ ಹಿಂಡೇ ಬರಿದಾಗುತ್ತಿತ್ತು.

ಆ ದೊಡ್ಡರೋಗದ ಭಯದಿಂದಲೇ ಬೆಂಗಳೂರಿನ ಉತ್ತರಕ್ಕೆ ಹೆಬ್ಬಾಳದಲ್ಲಿ ಮೈಸೂರು ಸೀರಮ್ ಸಂಸ್ಥೆ ಹುಟ್ಟಿತು. ಇಂದು ಅದು ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ. ರೈತರು ಗಂಟಲುಬೇನೆ ಅಥವಾ ಗಳಲೆ ರೋಗವೆನ್ನುವ ವ್ಯಾಧಿಗೂ ಲಸಿಕೆಯೇ ಮುಖ್ಯ ರಕ್ಷಣೆಯಾಯಿತು. ಮಳೆಗೆ ಮುಂಚೆ ಹಾಕಿಸುವುದು ರೂಢಿ. ಈ ಬೇನೆಗೆ ಕಾರಣವಾದ ಪಾಸ್ಚುರೆಲ್ಲ ಮಲ್ಟೋಸಿಡ ಎಂಬ ಏಕಾಣುಜೀವಿಯ ಬೇರೆ ಬಗೆಗಳು ಕರುಗಳ ನ್ಯುಮೋನಿಯಕ್ಕೂ ಕಾರಣ. ಮಾನ್‌ಹೈಮಿಯ, ಮೈಕೊಪ್ಲಾಸ್ಮ ಮೊದಲಾದುವು ಅದರ ಜೊತೆಗಾರರು. ಇವುಗಳಲ್ಲಿ ಹಲವು ಆರೋಗ್ಯವಂತ ದನದ ಮೂಗು ಗಂಟಲುಗಳಲ್ಲಿಯೇ ಸುಮ್ಮನೆ ವಾಸವಾಗಿರುತ್ತವೆ. ಚಳಿ, ದೂರದ ಪ್ರಯಾಣ, ಇಕ್ಕಟ್ಟು, ವೈರಸ್ ಸೋಂಕು ಇವು ಒದಗಿದಾಗ ಶ್ವಾಸಕೋಶಕ್ಕೆ ಇಳಿಯುತ್ತವೆ. ಆದ್ದರಿಂದ ಈ ರೋಗದ ಕಾರಣವನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕುವಷ್ಟೇ ಕೊಟ್ಟಿಗೆಯಲ್ಲಿಯೂ ಹುಡುಕಬೇಕು.

ಕೊಟ್ಟಿಗೆ ಬದಲಾದದ್ದು ಹಾಲಿನ ಲೆಕ್ಕದಿಂದ. 1923ರಲ್ಲಿ ಆಡುಗೋಡಿಯಲ್ಲಿ ಇಂಪೀರಿಯಲ್ ಪಶುಪಾಲನಾ ಮತ್ತು ಹೈನುಗಾರಿಕೆ ಸಂಸ್ಥೆ ನೆಲೆಗೊಂಡಿತು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಹೋಗಿ ಹೈನುಗಾರಿಕೆಯನ್ನು ಅಭ್ಯಸಿಸಿದರು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೈನು ಅಭಿವೃದ್ಧಿ ಯೋಜನೆ ಬಂದ ಮೇಲೆ ವಿದೇಶೀ ರಕ್ತದ ಮಿಶ್ರತಳಿಗಳು ಹಳ್ಳಿಹಳ್ಳಿಗೂ ಹಬ್ಬಿದವು. ರೈತನ ಕೈಗೆ ವಾರವಾರವೂ ಹಣ ಬಂತು. ಇದನ್ನು ಹಗುರವಾಗಿ ಕಾಣುವುದು ಸಲ್ಲದು. ಆದರೆ ಉಳುಮೆಗೆ ಟ್ರಾಕ್ಟರ್ ಬಂದ ಮೇಲೆ ಹೋರಿಗರುವಿಗೆ ಲೆಕ್ಕದ ಪುಸ್ತಕದಲ್ಲಿ ಜಾಗವೇ ಉಳಿಯಲಿಲ್ಲ. ಅದು ಕುಡಿದ ಹಾಲೆಲ್ಲ ನಷ್ಟ. ಇನ್ನೊಂದು ಸಂಗತಿಯೂ ಉಂಟು. ಕರು ಹುಟ್ಟುವಾಗ ಅದರ ರಕ್ತದಲ್ಲಿ ರೋಗನಿರೋಧಕ ವಸ್ತುಗಳು ಇಲ್ಲವೆನ್ನುವಷ್ಟು ಅಲ್ಪ. ಅವು ಗಿಣ್ಣುಹಾಲಿನಿಂದ, ಅದೂ ಮೊದಲ ಒಂದು ದಿನದೊಳಗೆ, ದೊರೆಯಬೇಕು. ನಮ್ಮಲ್ಲಿ ಗಿಣ್ಣು ಕಾಯಿಸಿ ಬೆಲ್ಲ ಏಲಕ್ಕಿ ಸೇರಿಸಿ ನೆರೆಮನೆಗೆಲ್ಲ ಹಂಚುವುದು ಸಂಭ್ರಮದ ಪದ್ಧತಿ. ನಾವೂ ಚಪ್ಪರಿಸಿದವರೇ. ಆ ಬಟ್ಟಲಿನ ಪಾಲು ಯಾರದೆಂದು ಆಗ ಕೇಳಿದವರಿಲ್ಲ.

ಈ ಕೊರತೆಯನ್ನು ತುಂಬಲು ಬಂದದ್ದು ಆಂಟಿಬಯಾಟಿಕ್. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್, 1981ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯಾಟಿಕ್ಸ್ ಸ್ಥಾಪಿತವಾದವು. ಮೊದಲು ಪೆನಿಸಿಲಿನ್, ತರುವಾಯ ಟೆಟ್ರಾಸೈಕ್ಲಿನ್‌ಗಳು, 1980ರ ದಶಕದ ಕೊನೆಯಿಂದ ಎನ್ರೋಫ್ಲಾಕ್ಸಸಿನ್. ಸಾಯುವ ಕರುವನ್ನು ಒಂದೆರಡು ದಿನದಲ್ಲಿ ಎಬ್ಬಿಸಿ ನಿಲ್ಲಿಸಿದ ಮದ್ದು ಇದು. ರೈತ ಅದನ್ನು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಕೊಲ್ಲಲಾರದ ಪ್ರಮಾಣಕ್ಕೆ ಒಡ್ಡಿದ ಸೂಕ್ಷ್ಮಜೀವಿ ಮದ್ದನ್ನು ಗೆಲ್ಲಲು ಕಲಿಯುತ್ತದೆಂದು ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲಿಯೇ ಎಚ್ಚರಿಸಿದ್ದನು. ಕರುಗಳ ಮೂಲಕ ಈ ಮಾತು ಸ್ಪಷ್ಟವಾದದ್ದು ಇಂಗ್ಲೆಂಡಿನಲ್ಲಿ: 1960ರ ದಶಕದಲ್ಲಿ ಕರುಗಳಲ್ಲಿ ಹಬ್ಬಿದ ಔಷಧನಿರೋಧಿ ಸಾಲ್ಮೊನೆಲ್ಲ ಮನುಷ್ಯರನ್ನೂ ತಲಪಿತು, 1969ರ ಸ್ವಾನ್ ಸಮಿತಿ ಪ್ರಾಣಿಗಳಿಗೆ ಆಂಟಿಬಯಾಟಿಕ್ ಕೊಡುವುದಕ್ಕೆ ಮಿತಿ ಹಾಕಬೇಕೆಂದಿತು. ಶ್ವಾಸರೋಗದ ಜೀವಿಯೂ ಹಿಂದೆ ಬೀಳಲಿಲ್ಲ. 2005ರಲ್ಲಿ ಅಮೆರಿಕದ ನೆಬ್ರಾಸ್ಕದ ಒಂದು ಕರುವಿನಿಂದ ತೆಗೆದ ಪಾಸ್ಚುರೆಲ್ಲದಲ್ಲಿ, ಒಂದು ಜೀವಿಯಿಂದ ಇನ್ನೊಂದಕ್ಕೆ ದಾಟಬಲ್ಲ ಒಂದೇ ತುಣುಕಿನೊಳಗೆ 12 ನಿರೋಧ ಜೀನುಗಳು ಕಂಡುಬಂದವು.

ಭಾರತ 2017ರಲ್ಲಿ ಔಷಧನಿರೋಧದ ವಿರುದ್ಧ ರಾಷ್ಟ್ರೀಯ ಕಾರ್ಯಯೋಜನೆ ಹೊರಡಿಸಿತು; 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಸುವುದನ್ನು ನಿಷೇಧಿಸಿತು. ಈ ಆಜ್ಞೆಗಳು ಅವಶ್ಯವೇ. ಆದರೆ ಕರುವಿನ ಮೂಗಿನ ದ್ರವವನ್ನು ಪ್ರಯೋಗಶಾಲೆಗೆ ಕಳುಹಿಸಿ, ಯಾವ ಮದ್ದು ನಾಟುವುದೆಂದು ತಿಳಿಯಲು ಎರಡು ಮೂರು ದಿನ ಬೇಕು. ತೀವ್ರ ನ್ಯುಮೋನಿಯ ಅಷ್ಟು ಕಾಯುವುದಿಲ್ಲ. ವೈದ್ಯ ಊಹೆಯಿಂದ ಸೂಜಿ ಚುಚ್ಚುತ್ತಾನೆ. ಕರು ಚೇತರಿಸಿದರೆ ಮರುದಿನದ ಸೂಜಿಗೆ ಕರೆ ಬರುವುದಿಲ್ಲ. ಇನ್ನು ಕೆಚ್ಚಲುಬಾವಿಗೆ ಮದ್ದು ಪಡೆದ ಹಸುವಿನ ಹಾಲನ್ನು ಕೆಲವು ದಿನ ಮಾರಬಾರದೆಂಬುದು ನಿಯಮ. ಅದನ್ನು ಚೆಲ್ಲಲು ಯಾರಿಗೂ ಮನಸ್ಸು ಬಾರದು. ಗಿಣ್ಣಿನಲ್ಲಿ ಪಾಲು ಕಳೆದುಕೊಂಡ ಕರುವಿಗೇ, ಮದ್ದಿನ ಶೇಷವುಳಿದ ಆ ಹಾಲನ್ನು ಕುಡಿಸುವುದುಂಟು.