ಆರೋಗ್ಯಧಾಮದಿಂದ ಹೊಸ್ತಿಲಿಗೆ: ಕ್ಷಯ ಶುಶ್ರೂಷೆಯ ಒಂದು ತಿರುವು

ಕ್ಷಯವೆಂದರೆ ಸವೆತ. ರೋಗದ ದೀರ್ಘತೆಯನ್ನು ಅದರ ಹೆಸರೇ ಹೇಳುತ್ತದೆ. ಆದರೆ ದೀರ್ಘಕಾಲದ ಆರೈಕೆಯನ್ನು ಮುಂದಾಗಿ ಯೋಜಿಸುವ ಕೌಶಲವು ದಾದಿಯರ ವೃತ್ತಿಗೆ ಒದಗಿದ್ದು ತಡವಾಗಿ. ಮದನಪಲ್ಲಿ ಸಮೀಪದ ಆರೋಗ್ಯವರಂ (1915), ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಆರೋಗ್ಯಧಾಮ (1921) ಮೊದಲಾದೆಡೆ ಶುಶ್ರೂಷೆಯೆಂದರೆ ಹಾಸಿಗೆಯ ಶಿಸ್ತು: ವಿಶ್ರಾಂತಿ, ಶುದ್ಧಗಾಳಿ, ಪುಷ್ಟಿಕರ ಆಹಾರ, ಜ್ವರದ ಪಟ್ಟಿ. ರೋಗಿಯ ಬದುಕು ಸಂಸ್ಥೆಯ ಗಂಟೆಗೆ ಹೊಂದಿಕೊಳ್ಳಬೇಕಿತ್ತು.

ಈ ಕ್ರಮವನ್ನು ಬುಡಮೇಲು ಮಾಡಿದ್ದು 1956ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯ ರಾಸಾಯನಿಕ ಚಿಕಿತ್ಸಾ ಕೇಂದ್ರ. ನಗರದ ಬಡ, ಇಕ್ಕಟ್ಟಾದ ಬಡಾವಣೆಗಳ 193 ರೋಗಿಗಳಲ್ಲಿ ಕೆಲವರಿಗೆ ಆರೋಗ್ಯಧಾಮದಲ್ಲಿಯೂ ಉಳಿದವರಿಗೆ ಮನೆಯಲ್ಲಿಯೂ ಒಂದು ವರ್ಷ ಐಸೋನಯಜಿಡ್ ಮತ್ತು ಪಿ.ಎ.ಎಸ್. ಕೊಡಲಾಯಿತು. ಮನೆಯವರ ಊಟ ಬಡವಾಗಿತ್ತು, ವಿಶ್ರಾಂತಿ ಕಡಿಮೆಯಿತ್ತು. ಆದರೂ 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಗುಂಪುಗಳ ನಡುವೆ ಹೆಚ್ಚಿನ ಅಂತರ ಕಾಣಲಿಲ್ಲ. ಮನೆಯ ಇತರರಿಗೆ ಸೋಂಕಿನ ಅಪಾಯವೂ ಹೆಚ್ಚಲಿಲ್ಲವೆಂದು ಮುಂದಿನ ಅನುಸರಣೆ ತೋರಿಸಿತು.

ಈ ಯಶಸ್ಸನ್ನು ಔಷಧಿಯ ಲೆಕ್ಕಕ್ಕೇ ಬರೆಯುವುದು ವಾಡಿಕೆ. ಅದು ಅರ್ಧಸತ್ಯ. ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ ಉಳಿದ ಔಷಧಿಯನ್ನು ಎಣಿಸುವುದು, ಮೂತ್ರಪರೀಕ್ಷೆಯಿಂದ ಸೇವನೆಯನ್ನು ಖಚಿತಪಡಿಸಿಕೊಳ್ಳುವುದು ಆ ಕೇಂದ್ರದ ಪದ್ಧತಿ. ಎಣಿಕೆ ತಪ್ಪಿದ್ದಲ್ಲಿ ಕಾರಣ ಹುಡುಕಬೇಕು: ಹೊಟ್ಟೆ ಕೆಡಿಸುವ ಪಿ.ಎ.ಎಸ್. ಬೇಸರವೋ, ಕೂಲಿಯ ಹೊತ್ತೋ, ಕೆಮ್ಮು ನಿಂತಿತೆಂಬ ನೆಮ್ಮದಿಯೋ? ಅಡುಗೆಮನೆಯ ಒಡತಿಯನ್ನು ವಿಚಾರಿಸದೆ ಉತ್ತರ ಸಿಗದು. ವಾರ್ಡಿನಲ್ಲಿ ಆಜ್ಞಾಪಿಸುತ್ತಿದ್ದ ದಾದಿ ಇಲ್ಲಿ ಕೇಳಿಸಿಕೊಳ್ಳುವವಳಾಗಬೇಕಾಯಿತು. ಜಾನಪದ ಕ್ಷೇತ್ರಕಾರ್ಯ ಬಲ್ಲವರಿಗೆ ಇದು ಪರಿಚಿತ ವಿದ್ಯೆ. ವೈದ್ಯಕೀಯ ವರದಿಗಳಲ್ಲಿ ಮಾತ್ರ ಅದಕ್ಕೆ ದೊರೆತ ಸ್ಥಳ ಅತ್ಯಲ್ಪ.

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆಯನ್ನು ಮುಂದಕ್ಕೊಯ್ದದ್ದು ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ (1959). ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಗರು ಮೂಢನಂಬಿಕೆಯಿಂದ ಆಸ್ಪತ್ರೆಗೆ ಬರುವುದಿಲ್ಲವೆಂಬ ಅಂದಿನ ಗ್ರಹಿಕೆಯನ್ನು ಅದು ಅಲ್ಲಗಳೆಯಿತು. ರೋಗಿಗಳಲ್ಲಿ ಬಹುತೇಕರಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಜನ ಚಿಕಿತ್ಸೆಯನ್ನು ಅರಸಿ ಹೋಗಿಯೂ ಇದ್ದರು. ಅವರಿಗೆ ದೊರೆತದ್ದು ಬಹುಮಟ್ಟಿಗೆ ಕೆಮ್ಮಿನ ಔಷಧಿಯ ಬಾಟಲಿ. ಕ್ಷಯ ಚಿಕಿತ್ಸೆಯನ್ನು ಸಾಮಾನ್ಯ ಆರೋಗ್ಯ ಸೇವೆಯೊಂದಿಗೆ ಬೆಸೆಯುವ ರಾಷ್ಟ್ರೀಯ ಕಾರ್ಯಕ್ರಮ 1962ರಲ್ಲಿಯೇ ಆರಂಭವಾಗಿತ್ತು. ಮದರಾಸಿನ ಹೊಸ್ತಿಲುಗಳಲ್ಲಿ ಕಲಿತ ವಿಚಾರಣೆಯನ್ನು ಹೊರರೋಗಿಗಳ ಸಾಲಿನಲ್ಲಿ ನಿಂತ ಕೆಮ್ಮಿನವನಿಗೂ ಅನ್ವಯಿಸುವ ಹೊಣೆ ಹೀಗೆ ತಾಲ್ಲೂಕು ಆಸ್ಪತ್ರೆಯ ದಾದಿಯ ಪಾಲಿಗೆ ಬಂದಿತು.