ಆಕಾಶವಾಣಿ

ದೇವಕಿಯ ಎಂಟನೆಯ ಮಗು ನಿನ್ನನ್ನು ಕೊಲ್ಲುತ್ತದೆ ಎಂದು ಕಂಸನಿಗೆ ಕೇಳಿಸಿದ್ದು ಆಕಾಶವಾಣಿ, ಅಶರೀರವಾಣಿ. ಆಡುವವರು ಕಾಣದ, ಮಾತು ಮಾತ್ರ ಕೇಳುವ ದನಿ. ಶ್ರೀಕೃಷ್ಣ ಪಾರಿಜಾತ ಬಯಲಾಟಕ್ಕೆ ಹೆಸರಾದ ಕುಲಗೋಡ ತಮ್ಮಣ್ಣನ ನಾಡಾದ ಬೆಳಗಾವಿಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗೆ ಕೃಷ್ಣನ ಕಥೆಯ ಈ ಪದ ಹೊಸದೇನಲ್ಲ.

ಅದನ್ನು ರೇಡಿಯೊಗೆ ಅಂಟಿಸಿದ್ದು ಮೈಸೂರು. ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲೇ ಪುಟ್ಟ ಪ್ರೇಷಕ ಇಟ್ಟುಕೊಂಡು ಪ್ರಸಾರ ಶುರುಮಾಡಿದರು. ಸರಕಾರದ್ದಲ್ಲ, ಒಬ್ಬ ಮೇಷ್ಟರ ಹಟ! ಮೈಸೂರು ಇಟ್ಟ ಆ ‘ಆಕಾಶವಾಣಿ’ ಹೆಸರನ್ನೇ 1950ರ ದಶಕದಲ್ಲಿ ಇಡೀ ದೇಶದ ಬಾನುಲಿ ಜಾಲ ತನ್ನದಾಗಿಸಿಕೊಂಡಿತು. ಕನ್ನಡಿಗರು ಇದನ್ನು ಇನ್ನಷ್ಟು ಎದೆಯುಬ್ಬಿಸಿ ಹೇಳಬೇಕು.

ಬೆಳಗಾವಿ ಸೀಮೆಗೆ ಈ ದನಿ ಬಂದದ್ದು ಧಾರವಾಡದಿಂದ. ಅಲ್ಲಿನ ನಿಲಯ ಆರಂಭವಾದದ್ದು 1950ರ ಜನವರಿ 8ರಂದು. ಕವಿ ಬೇಂದ್ರೆಯವರೂ ಅದರ ಸಲಹೆಗಾರರಾಗಿದ್ದರು. ಬರಹದಲ್ಲಿ ‘ಆಕಾಶವಾಣಿ’, ‘ಬಾನುಲಿ’ ಎರಡೂ ಉಂಟು. ಆಡುಮಾತಿಗೆ ಅಷ್ಟುದ್ದ ಬೇಡ: “ಧಾರವಾಡ ಹಚ್ಚೋ, ವಾರ್ತಾ ಬರೂ ಹೊತ್ತಾತು” ಅಂದರೆ ಸಾಕು, ಮುಳ್ಳು 765 ಕಿಲೋಹರ್ಟ್ಸ್‌ ಕಡೆ ತಿರುಗುತ್ತದೆ.