ತಿಮಿಂಗಿಲವನ್ನು ನುಂಗಿದವರು, ನೋಡಿದವರು

‘ತಿಮಿ’ ಎಂದರೆ ಹಿರಿಯ ಮೀನು. ಅದನ್ನು ನುಂಗುವುದು ‘ತಿಮಿಂಗಿಲ’. ತಿಮಿಂಗಿಲವನ್ನೂ ನುಂಗುವುದು ‘ತಿಮಿಂಗಿಲಗಿಲ’. ಹೀಗೆ ನಮ್ಮ ಹಿಂದಿನವರು ಕಲ್ಪಿಸಿದರು. ಈ ಮೂರನೆಯ ಪ್ರಾಣಿ ಕಡಲಿನಲ್ಲಿಲ್ಲ. ಅದು ಹಡಗನ್ನೇರಿ ಬಂದ ಮನುಷ್ಯನೇ ಎಂಬುದಕ್ಕೆ ಶಾಂತಸಾಗರದ ನಡುವಣ ಹವಾಯಿ ದ್ವೀಪಗಳ ಚರಿತ್ರೆ ಸಾಕ್ಷಿ.

ಅಲ್ಲಿನ ಮೌಯಿ ದ್ವೀಪದಲ್ಲಿ ಲಹೈನಾ ಎಂಬ ಬಂದರು. 1845ರವರೆಗೆ ಅದು ಹವಾಯಿ ಅರಸರ ರಾಜಧಾನಿ. ಅಮೆರಿಕದ ಪೂರ್ವತೀರದಿಂದ ಹೊರಟ ಬೇಟೆಯ ಹಡಗುಗಳು ಸಿಹಿನೀರು, ಆಲೂಗೆಡ್ಡೆ, ಕೂಲಿಯಾಳುಗಳಿಗಾಗಿ ಇಲ್ಲಿ ಲಂಗರು ಹಾಕುತ್ತಿದ್ದುವು. 1846ರ ಒಂದೇ ವರ್ಷದಲ್ಲಿ ಸುಮಾರು 400 ಹಡಗುಗಳು ಬಂದುವು. ಅವುಗಳ ಒಡಲಲ್ಲಿ ಪೀಪಾಯಿಗಟ್ಟಲೆ ತಿಮಿಂಗಿಲದ ಎಣ್ಣೆ. ದೂರದ ಪಟ್ಟಣಗಳ ದೀಪಗಳು ಉರಿದದ್ದು, ಯಂತ್ರಗಳು ತಿರುಗಿದ್ದು ಅದರಿಂದಲೇ.

1859ರಲ್ಲಿ ಪೆನ್ಸಿಲ್ವೇನಿಯದಲ್ಲಿ ಭೂಮಿಯನ್ನು ಕೊರೆದು ಕಲ್ಲೆಣ್ಣೆ ತೆಗೆದರು. ಮನೆಮನೆಗೆ ಸೀಮೆಎಣ್ಣೆ ಬಂತು. ತಿಮಿಂಗಿಲವನ್ನು ಉಳಿಸಿದ್ದು ಸೀಮೆಎಣ್ಣೆಯೇ ಎನ್ನುವವರುಂಟು. ಅದು ಅರ್ಧಸತ್ಯ. ಲಹೈನಾದ ವ್ಯಾಪಾರ ಮುಗಿಯಿತೇ ಹೊರತು ಬೇಟೆ ಮುಗಿಯಲಿಲ್ಲ. ಉಗಿಹಡಗೂ ಸಿಡಿಮದ್ದಿನ ಈಟಿಯೂ ಬಂದ ಮೇಲೆ, ಹಾಯಿಹಡಗಿನವರು ಅಷ್ಟಾಗಿ ಲಕ್ಷಿಸದಿದ್ದ ಗೂನುಬೆನ್ನಿನ ತಿಮಿಂಗಿಲದ ಸರದಿ ಬಂತು. 1966ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ಅದರ ಬೇಟೆಯನ್ನು ನಿಷೇಧಿಸಿದಾಗ, ಉತ್ತರ ಶಾಂತಸಾಗರದಲ್ಲಿ ಉಳಿದಿದ್ದುವು ಒಂದೆರಡು ಸಾವಿರ ಮಾತ್ರ ಎಂದು ಅಂದಾಜು.

ಕಾನೂನು ಕೈಯನ್ನು ತಡೆಯಿತು. ಮನಸ್ಸನ್ನು ತಿರುಗಿಸಿದ್ದು ಧ್ವನಿ. 1970ರಲ್ಲಿ ರೋಜರ್ ಪೇನ್ ಎಂಬ ವಿಜ್ಞಾನಿ ಗೂನುಬೆನ್ನಿನ ತಿಮಿಂಗಿಲದ ಹಾಡನ್ನು ಗ್ರಾಮಫೋನ್ ತಟ್ಟೆಯಾಗಿ ಹೊರತಂದರು. ಎಣ್ಣೆಯ ಪೀಪಾಯಿ ಎನಿಸಿದ್ದ ಪ್ರಾಣಿ ಹಾಡುತ್ತದೆಂದು ಜನ ಕಿವಿಯಾರೆ ಕೇಳಿದರು. ರೇಡಿಯೋದ ಮುಂದೆ ಕುಳಿತು ಕಾಣದ ಗಾಯಕನಿಗೆ ಮನಸೋತ ನಮಗೆ ಇದರ ಮಹಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲಾಸ್ಕದ ತಣ್ಣೀರಿನಲ್ಲಿ ಬೇಸಗೆ ಕಳೆದ ಈ ಪ್ರಾಣಿಗಳು ಸುಮಾರು 3,000 ಮೈಲಿ ಈಜಿ ಚಳಿಗಾಲಕ್ಕೆ ಹವಾಯಿಗೆ ಬರುತ್ತವೆ. ಇಲ್ಲಿ ಅವಕ್ಕೆ ಬಹುಮಟ್ಟಿಗೆ ಉಪವಾಸ. ತಾಯಿ ತಾನು ಉಣ್ಣದೆ ಮರಿಗೆ ಹಾಲೂಡುತ್ತದೆ. ಹಾಡುವುದು ಗಂಡು, ಒಂದು ಕಡಲಿನ ಗಂಡುಗಳೆಲ್ಲ ಹಾಡುವುದು ಒಂದೇ ಹಾಡು, ಅದೂ ಕಾಲಕ್ರಮದಲ್ಲಿ ಬದಲಾಗುತ್ತದೆ. ನೋಡಲು ಹೋದವರಿಗೆ ಮೊದಲು ಕಾಣುವುದು ಉಸಿರಿನ ಬಿಳಿಯ ಬುಗ್ಗೆ, ಬಳಿಕ ಕರಿಯ ಬೆನ್ನು, ಕಡೆಗೆ ಮೇಲೆದ್ದು ಮುಳುಗುವ ಬಾಲ. ದೋಣಿ 100 ಗಜಕ್ಕಿಂತ ಹತ್ತಿರ ಹೋಗಕೂಡದೆಂದು ನಿಯಮ. ಕೆಲವು ದೋಣಿಗಳವರು ನೀರಿಗೆ ಧ್ವನಿಗ್ರಾಹಕವನ್ನು ಇಳಿಸಿ ಹಾಡನ್ನೂ ಕೇಳಿಸುತ್ತಾರೆ. 1992ರಲ್ಲಿ ಈ ಕಡಲು ರಕ್ಷಿತ ಪ್ರದೇಶವಾಯಿತು. ಸಂಖ್ಯೆ ಹೆಚ್ಚಿತೆಂದು 2016ರಲ್ಲಿ ಹವಾಯಿಯ ತಿಮಿಂಗಿಲಗಳನ್ನು ಅಳಿವಿನ ಅಂಚಿನವುಗಳ ಪಟ್ಟಿಯಿಂದ ತೆಗೆದರು.

2023ರ ಆಗಸ್ಟ್ 8ರಂದು ಲಹೈನಾ ಬೆಂಕಿಗೆ ತುತ್ತಾಯಿತು. ಸುಮಾರು ನೂರು ಜನ ತೀರಿಕೊಂಡರು. ಬೇಟೆಯ ಕಾಲದ ಹಳೆಯ ಪೇಟೆ ಬೂದಿಯಾಯಿತು. ಆ ಚಳಿಗಾಲದಲ್ಲಿಯೂ ತಿಮಿಂಗಿಲಗಳು ಬಂದುವು. ಬೇಟೆಯವನು ಕೈ ತಡೆದುದರಿಂದಲ್ಲವೆ, ಊರು ಇಲ್ಲವಾದಾಗಲೂ ಅದರ ಕಡಲಿನಲ್ಲಿ ಮರಿಗಳು ಹುಟ್ಟಿದ್ದು?